ನ್ಯಾಯೋಚಿತ ಕ್ರಮ: ಒಂದು ಪದವಿಚಾರ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ವಿದ್ಯಾರ್ಥಿಗಳು ಮೂಲಭೂತ ಹಕ್ಕುಗಳನ್ನು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಸಂವಿಧಾನದ 21ನೆಯ ವಿಧಿಯಲ್ಲಿರುವ ಒಂದೆರಡು ಪದಗಳ ಹಿಂದೆ ಎಷ್ಟು ದೊಡ್ಡ ಚಿಂತನೆ ಅಡಗಿದೆಯೆಂಬುದು ಪಾಠದಲ್ಲಿ ಸಾಮಾನ್ಯವಾಗಿ ಬರುವುದಿಲ್ಲ.

ಕಾನೂನು ಗೊತ್ತುಪಡಿಸಿದ ಕ್ರಮದ ಹೊರತು ಯಾವ ವ್ಯಕ್ತಿಯ ಪ್ರಾಣವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಅಪಹರಿಸಲಾಗದೆಂಬುದು ಈ ವಿಧಿಯ ತಾತ್ಪರ್ಯ. ಇಲ್ಲಿ ಹೇಳಿರುವುದು ‘ವ್ಯಕ್ತಿ’ ಎಂದು, ‘ಪ್ರಜೆ’ ಎಂದಲ್ಲ. ಆದಕಾರಣ ಪರದೇಶದವನಿಗೂ ಈ ರಕ್ಷಣೆ ಸಲ್ಲುತ್ತದೆ.

ಸಂವಿಧಾನರಚನೆಯ ಆರಂಭದಲ್ಲಿ ‘ನ್ಯಾಯೋಚಿತ ಕ್ರಮ’ ಎಂಬರ್ಥದ ಅಮೆರಿಕದ ಪದವನ್ನು ಇಡುವ ಆಲೋಚನೆಯಿತ್ತು. ಮಂಗಳೂರಿನಲ್ಲಿ ಜನಿಸಿದ ಸಂವಿಧಾನ ಸಲಹೆಗಾರ ಬೆನಗಲ್ ನರಸಿಂಗರಾಯರು ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರೊಡನೆ ಚರ್ಚಿಸಿದರು. ಆ ಪದವಿದ್ದರೆ ಶಾಸನಸಭೆಯ ಕಾನೂನುಗಳನ್ನು ನ್ಯಾಯಾಧೀಶರು ಸುಲಭವಾಗಿ ತಳ್ಳಿಹಾಕಬಹುದೆಂಬ ಶಂಕೆ ಬಲಗೊಂಡಿತು, ಪದವನ್ನು ಬದಲಿಸಲಾಯಿತು. ಇದರಿಂದಾದ ಕೊರತೆಯನ್ನು ತುಂಬಲೆಂದೇ 1949ರ ಸೆಪ್ಟೆಂಬರಿನಲ್ಲಿ ಡಾ. ಅಂಬೇಡ್ಕರರು ಮಂಡಿಸಿದ ವಿಧಿಯು ಇಂದಿನ 22ನೆಯ ವಿಧಿಯಾಗಿದೆ.

1950ರ ಗೋಪಾಲನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಶಾಸನಸಭೆ ವಿಧಿಸಿದ ಕ್ರಮವಿದ್ದರೆ ಸಾಕೆಂದಿತು. ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ, ಬಂಧಿತನು ತನ್ನ ಬಿಡುಗಡೆಗಾಗಿ ನ್ಯಾಯಾಲಯದ ಬಾಗಿಲನ್ನು ತಟ್ಟುವಂತಿಲ್ಲವೆಂದು ನಾಲ್ವರು ನ್ಯಾಯಮೂರ್ತಿಗಳು ತೀರ್ಪಿತ್ತರು, ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ತಳೆದರು. ಮರುವರ್ಷ ತುರ್ತುಪರಿಸ್ಥಿತಿ ಕೊನೆಗೊಂಡಿತು. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ, ಕ್ರಮವು ನ್ಯಾಯಯುತವೂ ವಿವೇಕಸಮ್ಮತವೂ ಆಗಿರಬೇಕೆಂಬ ತತ್ತ್ವ ನೆಲೆಗೊಂಡಿತು. ಕೈಬಿಟ್ಟ ಪದದ ಅರ್ಥವು ಹೀಗೆ ತೀರ್ಪಿನ ಮಾರ್ಗವಾಗಿ ಮರಳಿ ಬಂದಿತು. 1976ರ ತೀರ್ಪನ್ನು 2017ರಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವೇ ಅಳಿಸಿಹಾಕಿತು.

ಇದೆಲ್ಲವೂ ದೆಹಲಿಯ ಮಾತೆಂದು ಭಾವಿಸಲಾಗದು. ಮಳೆಯಿಲ್ಲದ ವರ್ಷ ಪಾವಗಡದ ಕೂಲಿಕಾರನು ಗುಳೆ ಹೊರಡುತ್ತಾನೆ. ಆಂಧ್ರದ ಗಡಿ ಕೂಗಳತೆಯಲ್ಲಿದೆ. ಎಲ್ಲಿ ಬಂಧಿತನಾದರೂ 22ನೆಯ ವಿಧಿ ಅವನ ಜೊತೆಗಿರುತ್ತದೆ: ಬಂಧನದ ಕಾರಣವನ್ನು ತಿಳಿಸಬೇಕು, ತಾನೊಪ್ಪಿದ ವಕೀಲನನ್ನು ಕಾಣಲು ಬಿಡಬೇಕು, ಪ್ರಯಾಣಕಾಲವನ್ನು ಕಳೆದು 24 ಗಂಟೆಗಳೊಳಗೆ ಸಮೀಪದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಮುನ್ನೆಚ್ಚರಿಕೆಯ ಬಂಧನಕ್ಕೆ ಮಾತ್ರ ಬೇರೆ ನಿಯಮಗಳಿವೆ. ವಕೀಲನಿಗೆ ಕೊಡಲು ಹಣವಿಲ್ಲದಿದ್ದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದಂತೆ ಬಂಧನದಲ್ಲಿರುವವನು ಉಚಿತ ನೆರವಿಗೆ ಅರ್ಹನು.

ಹಕ್ಕು ಇದ್ದೂ ಅದನ್ನು ಅರಿಯದವನಿಗೆ ಅದು ಹೂತಿಟ್ಟ ಹೊನ್ನು. ಕಾರಣವನ್ನು ಕೇಳುವುದು ಉದ್ಧಟತನವಲ್ಲ, ಅದು ಸಂವಿಧಾನದತ್ತವಾದ ಅಧಿಕಾರವೆಂಬುದನ್ನು ಹತ್ತನೆಯ ತರಗತಿ ಮುಗಿಸುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಮನೆಗೆ ಹೋಗಿ ತನ್ನ ತಂದೆತಾಯಿಗಳಿಗೆ ಹೇಳಬಲ್ಲವನಾದರೆ, ಪೌರನೀತಿಯ ಪಾಠ ಸಾರ್ಥಕವಾದಂತೆ.