ಪಟ್ಟಿಯಿಂದ ಬಿಟ್ಟುಹೋದ ಹೆಸರು

(ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಯೌವನಸ್ಥರ ಕೂಟದಲ್ಲಿ ಕೊಟ್ಟ ಸಂದೇಶ. ವಾಕ್ಯಭಾಗ: ಮತ್ತಾಯ 1:1-17, ಎಜ್ರ 2:59-63)

ಹೊಸ ಒಡಂಬಡಿಕೆ ಓದ್ಲಿಕ್ಕೆ ಶುರು ಮಾಡ್ತೇವೆ. ಮೊದಲನೇ ಪುಟದಲ್ಲೇ ಇಂಥವನು ಇಂಥವನನ್ನು ಪಡೆದನು, ಬರೀ ಅದೇ. ನಾಲ್ಕನೇ ವಚನಕ್ಕೆ ಹೆಬ್ಬೆರಳು ತಾನೇ ಸ್ಕ್ರೋಲ್ ಮಾಡ್ತದೆ, ಸೀದಾ ಹದಿನೆಂಟನೇ ವಚನಕ್ಕೆ. ಹೌದಾ ಅಲ್ವಾ?

ಬೇರೆ ಊರಿನವರು ಹಾಗೆ ಮಾಡಿದ್ರೆ ಅರ್ಥ ಆಗ್ತದೆ. ತುಳುನಾಡಿನ ನಾವು ಹಾಗೆ ಮಾಡಬಾರದು. ಇಲ್ಲಿ ಹೊಸಬರು ಸಿಕ್ಕಿದ್ರೆ ಮೊದಲು ಕೇಳುವುದೇ ಯಾವ ಮನೆ, ಯಾವ ಬರಿ ಅಂತ. ಅಳಿಯಸಂತಾನದ ಲೆಕ್ಕದಲ್ಲಿ ಆಸ್ತಿ, ಮನೆತನ ಎಲ್ಲ ತಾಯಿಯ ಕಡೆಯಿಂದ ಬರ್ತಿತ್ತು. ಮೂಡುಬಿದಿರೆಯಲ್ಲಿ ಚೌಟರ ಅರಮನೆ ನೋಡಿದ್ದೀರಿ. ಅದೇ ಚೌಟರ ವಂಶದ ಅಬ್ಬಕ್ಕ ಉಳ್ಳಾಲದ ರಾಣಿಯಾದದ್ದು ಸೋದರಮಾವನ ನಂತರ. ಅಂದ್ರೆ ವಂಶಾವಳಿ ಬರೀ ಹೆಸರಿನ ಪಟ್ಟಿ ಅಲ್ಲ. ಗದ್ದೆ ಯಾರಿಗೆ, ತರವಾಡು ಮನೆಯಲ್ಲಿ ಯಾರಿಗೆ ಜಾಗ ಉಂಟು, ಎಲ್ಲ ಅದರಲ್ಲೇ ಉಂಟು.

ಎಜ್ರ 2 ನೋಡಿ. ಬಾಬೆಲಿನಿಂದ ಜನ ಹಿಂದೆ ಬಂದಿದ್ದಾರೆ. ಕೆಲವು ಯಾಜಕರು ವಂಶಾವಳಿಯ ಪತ್ರದಲ್ಲಿ ತಮ್ಮ ಹೆಸರು ಹುಡುಕ್ತಾರೆ, ಸಿಗುವುದಿಲ್ಲ. ಯಾಜಕ ಕೆಲಸದಿಂದ ಅವರನ್ನು ಹೊರಗಿಡ್ತಾರೆ. ಅಷ್ಟು ದೂರ ನಡೆದು ಬಂದವರು! ಪತ್ರದಲ್ಲಿ ಹೆಸರಿಲ್ಲ, ಅಷ್ಟೇ.

ಈಗ ಮತ್ತಾಯನ ಪಟ್ಟಿಗೆ ಬನ್ನಿ. ಅದರಲ್ಲಿ ತಾಮಾರಳು, ಯೆರಿಕೋವಿನ ವೇಶ್ಯೆ ರಾಹಾಬಳು, ಮೋವಾಬ್ಯಳಾದ ರೂತಳು, ಊರೀಯನ ಹೆಂಡತಿ ಇದ್ದಾರೆ. ಇದನ್ನು ನೀವು ಸಂಡೇ ಸ್ಕೂಲಿನಲ್ಲೇ ಕೇಳಿದ್ದೀರಿ. ಕೇಳದೇ ಇರಬಹುದಾದ ಒಂದು ಮಾತು ಹೇಳ್ತೇನೆ. ಎಂಟನೇ ವಚನವನ್ನು 1 ಪೂರ್ವಕಾಲವೃತ್ತಾಂತ 3ರ ಜೊತೆ ಇಟ್ಟು ನೋಡಿ. ಯೋರಾಮನಿಗೂ ಉಜ್ಜೀಯನಿಗೂ ನಡುವೆ ಮೂವರು ಅರಸರು ಇರಬೇಕಿತ್ತು: ಅಹಜ್ಯ, ಯೋವಾಷ, ಅಮಚ್ಯ. ಮತ್ತಾಯ ಅವರನ್ನು ಬಿಟ್ಟಿದ್ದಾನೆ. ಹದಿನಾಲ್ಕು ಹದಿನಾಲ್ಕರ ಲೆಕ್ಕ ಕೂಡಿಸ್ಲಿಕ್ಕೆ ಕಿರೀಟ ಇಟ್ಟವರನ್ನು ಬಿಟ್ಟ, ರಾಹಾಬಳನ್ನು ಬಿಡಲಿಲ್ಲ. ಹಲ್ಲೆಲೂಯಾ!

ಪ್ರಿಯರೇ, ನಿಮ್ಮಲ್ಲಿ ಕೆಲವರು ಪ್ರಾರ್ಥನೆಗೆ ಬರೆದುಕೊಟ್ಟದ್ದು ನನ್ನ ಮನಸ್ಸಿನಲ್ಲುಂಟು. ಮದುವೆ ಕಾಗದದಲ್ಲಿ ಎಲ್ಲರ ಹೆಸರುಂಟು, ನಿಮ್ಮದಿಲ್ಲ. ಫ್ಯಾಮಿಲಿ ಗ್ರೂಪಿನಿಂದ ಯಾರೋ ತೆಗೆದಿದ್ದಾರೆ. ಬೆಂಗಳೂರಿನಲ್ಲಿ ಕೆಲಸ, ಒಳ್ಳೆ ಸಂಬಳ, ಆದರೂ ರಾತ್ರಿ ರೂಮಿನಲ್ಲಿ ಅದೇ ಒಂದು ನೋವು. ಇದು ಸಣ್ಣ ಸಂಗತಿ ಅಂತ ನಾನು ಹೇಳುವುದಿಲ್ಲ.

203ನೇ ಇಸವಿ, ಆಫ್ರಿಕದ ಕಾರ್ಥೇಜ್ ಪಟ್ಟಣ. ಪೆರ್ಪೆತುವಾ ಅಂತ ಒಬ್ಬಳು, ಸುಮಾರು 22 ವರ್ಷ, ಕೈಯಲ್ಲಿ ಹಾಲು ಕುಡಿಯುವ ಮಗು. ಸೆರೆಮನೆಯಲ್ಲಿ ಆಕೆ ತಾನೇ ಬರೆದದ್ದು ಇವತ್ತಿಗೂ ಉಳಿದಿದೆ. ವಿಚಾರಣೆ ಶುರುವಾದದ್ದು ನ್ಯಾಯಾಲಯದಲ್ಲಿ ಅಲ್ಲ, ಅಪ್ಪನ ಎದುರು. ನನ್ನ ನರೆಗೂದಲು ನೋಡು, ನಿನ್ನ ಮಗು ನೋಡು ಅಂತ ಅಪ್ಪ ಬೇಡ್ತಾನೆ. ಅಧಿಪತಿಯ ಮುಂದೆಯೂ ಬಿಡದೆ ಬೇಡಿದಾಗ ಆ ಮುದುಕನಿಗೇ ಹೊಡೆಸ್ತಾರೆ. ಆ ಪೆಟ್ಟು ತನಗೇ ಬಿದ್ದ ಹಾಗಾಯಿತು ಅಂತ ಆಕೆ ಬರೀತಾಳೆ. ಗಮನಿಸಿ. ವಿಶ್ವಾಸ ಬಿಡಲೂ ಇಲ್ಲ, ಅಪ್ಪನಿಗಾಗಿ ಅಳುವುದನ್ನೂ ಬಿಡಲಿಲ್ಲ. ಎರಡೂ ಒಟ್ಟಿಗೆ. ನಮ್ಮ ಹುಡುಗರಿಗೆ ಮೊದಲನೆಯದು ಸುಲಭ, ಎರಡನೆಯದು ಕಷ್ಟ.

ನಮ್ಮ ಕರಾವಳಿಯಲ್ಲೂ ಇದು ನಡೆದಿದೆ. 1844ರಲ್ಲಿ ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯುವಕ ದೀಕ್ಷಾಸ್ನಾನ ತಗೊಂಡಾಗ ಊರೇ ಎದ್ದಿತು. ಮತ ಬಿಟ್ಟವನ ಆಸ್ತಿಯ ಹಕ್ಕು ಹೋಗಬಾರದು ಅಂತ ಕಾನೂನು ಬಂದದ್ದು 1850ರಲ್ಲಿ, ಆರು ವರ್ಷದ ನಂತರ. ಅವರು ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಬೋಧಕರಾಗಿ ತಿರುಗಿ ಇದೇ ನಾಡಿಗೆ ಬಂದರು. ಬಾಸೆಲ್ ಮಿಶನಿನವರು ನೇಯ್ಗೆ, ಆಮೇಲೆ 1865ರಲ್ಲಿ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದಕ್ಕೂ ಇದೇ ಒಂದು ಕಾರಣ: ಮನೆಯೂ ಕೆಲಸವೂ ಹೋದವರಿಗೆ ಅನ್ನ ಬೇಕಲ್ಲ. ನಮ್ಮ ಸಭೆಗಳು ಇದನ್ನು ಕಲೀಬೇಕು. ಸ್ತೋತ್ರ ಹೇಳಿ ಕಳಿಸಿದ್ರೆ ಸಾಲದು. ಪೆರ್ಪೆತುವಾಳ ಜೊತೆ ಇದ್ದ ದಾಸಿ ಫೆಲಿಸಿತಾಸ್ ಸೆರೆಯಲ್ಲೇ ಹೆತ್ತಳು. ಆ ಹೆಣ್ಣುಮಗುವನ್ನು ಒಬ್ಬ ವಿಶ್ವಾಸಿ ಸಹೋದರಿ ತನ್ನ ಮಗಳಾಗಿ ಸಾಕಿದಳು.

ಹಾಗಾದ್ರೆ ಈ ವಾರ ಎಂಥ ಮಾಡುವುದು? ಊರಿಗೆ ಹೋಗಿ. ಕರೆಯದಿದ್ರೂ ಅಮ್ಮನನ್ನು ನೋಡ್ಲಿಕ್ಕೆ ಹೋಗಿ. ಕೈಮುಗಿಯಲು ಆಗದ ಕಡೆ ಮೆಲ್ಲ ಹೇಳಿ, "ಮಾಮ, ಅದು ನನ್ನಿಂದ ಆಗುವುದಿಲ್ಲ, ಬೇರೆ ಕೆಲಸ ಕೊಡಿ." ತೆಂಗಿನಕಾಯಿ ಸುಲಿಯಿರಿ, ಅಜ್ಜಿಯನ್ನು ಆಸ್ಪತ್ರೆಗೆ ಕರ್ಕೊಂಡು ಹೋಗಿ. ವಾಟ್ಸ್‌ಆ್ಯಪಿನಲ್ಲಿ ವಾದ ಮಾತ್ರ ಬೇಡ, ದಯವಿಟ್ಟು.

ಈಗ ಒಂದು ಕಾಗದ ತೆಗೀರಿ. ಮೊಬೈಲ್ ಬೇಡ, ಕಾಗದ. ಅಜ್ಜ, ಅಜ್ಜಿ, ಮಾವ, ಚಿಕ್ಕಮ್ಮ, ನಿಮ್ಮ ಹೆಸರು ಬಿಟ್ಟವರದ್ದೂ ಸೇರಿ, ಗೊತ್ತಿರುವಷ್ಟು ಹೆಸರು ಬರೀರಿ. ಬರೆದಾಯ್ತಾ? ಎಲ್ಲರೂ ಎದ್ದು ನಿಲ್ಲುವ. ಒಂದೊಂದೇ ಹೆಸರು ಹಿಡಿದು ಪ್ರಾರ್ಥಿಸುವ.