ಹಳೆ ಚರ್ಚನ್ನು ದೊಡ್ಡದು ಮಾಡುವ ಮುನ್ನ

ಕರಾವಳಿಯ ಹಳೆ ಚರ್ಚುಗಳ ದುರಸ್ತಿ, ವಿಸ್ತರಣೆಯೇ ನನ್ನ ಕಸುಬು. ಕೆಂಪುಕಲ್ಲಿನ ದಪ್ಪ ಗೋಡೆ, ಸುಣ್ಣದ ಸಾರಣೆ, ಮರದ ಪಕ್ಕಾಸಿನ ಮೇಲೆ ಹಂಚಿನ ಮಾಡು ಇರುವ ಕಟ್ಟಡಗಳು ಇವು. ನೂರಾರು ಮಳೆಗಾಲ ಕಂಡ ಇಂಥವನ್ನು ಮುಟ್ಟುವ ಪಾಲನಾ ಮಂಡಳಿಗಳಿಗೆ ಈ ಮಾತು.

1. ಒಂದು ಮಳೆಗಾಲ ಪೂರ್ತಿ ಕಟ್ಟಡವನ್ನು ನೋಡಿ. ಏಪ್ರಿಲಿನಲ್ಲಿ ಗಟ್ಟಿಯಾಗಿ ಕಾಣುವ ಗೋಡೆಯೇ ಜುಲೈಯಲ್ಲಿ ಒಸರುತ್ತಿರುತ್ತದೆ. ನಕ್ಷೆ ಆಮೇಲೆ ಬರಲಿ.

2. ಕೆಂಪುಕಲ್ಲಿನ ಗೋಡೆಗೆ ಸಿಮೆಂಟ್ ಬಳಿಯಲೇಬೇಡಿ. ನಾನು ಅತಿ ಹೆಚ್ಚು ಜಗಳವಾಡಿದ್ದು ಈ ವಿಷಯಕ್ಕೇ. ಕೆಂಪುಕಲ್ಲು ನೀರು ಹೀರುತ್ತದೆ. ಬಿಸಿಲು ಬಂದಾಗ ಆ ತೇವ ಸುಣ್ಣದ ಮೂಲಕ ಹೊರಹೋಗುತ್ತದೆ. ಸಿಮೆಂಟ್ ಆ ದಾರಿಯನ್ನು ಕಟ್ಟಿಬಿಡುತ್ತದೆ. ಕೆಲವೇ ವರ್ಷಗಳಲ್ಲಿ ಮೊಣಕಾಲೆತ್ತರಕ್ಕೆ ಬಿಳಿ ಉಪ್ಪು ಏಳುತ್ತದೆ, ಬಣ್ಣ ಉಬ್ಬುತ್ತದೆ. ಅಂಥ ಕಡೆ ಉಳಿಯಿಂದ ಒಂದು ಚಕ್ಕೆ ಎಬ್ಬಿಸಿ ನೋಡಿ: ಸಿಮೆಂಟ್ ಹಲಗೆಯ ಹಾಗೆ ಇಡಿಯಾಗಿ ಕಳಚಿ ಬರುತ್ತದೆ, ಹಿಂದಿನ ಕಲ್ಲು ಬೆರಳು ಸೋಕಿದರೆ ಪುಡಿಯಾಗಿ ಉದುರುತ್ತದೆ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಗಳು ಈಗ ಕಡಿಮೆ. ಹುಡುಕಿ ಕರೆತನ್ನಿ, ಕೇಳಿದಷ್ಟು ಕೂಲಿ ಕೊಡಿ.

3. ಹೊಸ ಭಾಗಕ್ಕೆ ಅದರದ್ದೇ ಪಂಚಾಂಗ ಇರಲಿ. ಹಳೆ ಗೋಡೆಯ ಅಡಿಯ ಮಣ್ಣು ಅದುಮಿ ಗಟ್ಟಿಯಾಗಿದೆ. ಹೊಸದು ಇನ್ನಷ್ಟೇ ಕೂರಬೇಕು. ಎರಡನ್ನೂ ಬಿಗಿದು ಕಟ್ಟಿದರೆ ಬಿರುಕು ಖಂಡಿತ. ನಡುವೆ ಸಂದು ಬಿಡಿ. ಬದಿಯ ಗೋಡೆ ಒಡೆದು ಕಮಾನು ಮಾಡುವುದಾದರೆ ಮಾಡಿಗೆ ಊರೆ ಕೊಟ್ಟು, ಒಂದೊಂದನ್ನೇ ತೆರೆಯಿರಿ.

4. ಎಷ್ಟು ಬೆಂಚು ಹಿಡಿಯುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಕೊನೆಯ ಬೆಂಚಿನಲ್ಲಿ ಕೂತ ಅಜ್ಜಿಗೆ ಬಲಿಪೀಠ ಕಾಣುತ್ತದೆಯೇ ಎಂದು ಕೇಳಬೇಕು. ಎರಡನೇ ವ್ಯಾಟಿಕನ್ ಮಹಾಸಭೆಯ (1962–65) ನಂತರ ಧರ್ಮಗುರುಗಳು ಜನರತ್ತ ಮುಖಮಾಡಿ ಬಲಿಪೂಜೆ ಅರ್ಪಿಸುವುದು ರೂಢಿಗೆ ಬಂತು. ಹಾಗೆಂದು ಹಿಂಗೋಡೆಯ ಹಳೆಯ ಮರದ ಪೀಠವನ್ನು ಕಿತ್ತುಹಾಕುವ ಅಗತ್ಯವಿಲ್ಲ. ಅದರ ಮುಂದೆ ಹೊಸ ಪೀಠಕ್ಕೆ ಜಾಗ ಮಾಡಿಕೊಳ್ಳಬಹುದು.

5. ಗೋಡೆಯಲ್ಲಿ ಚಿತ್ರಗಳಿದ್ದರೆ ಊರಿನ ಪೇಂಟರ್ ಕೈಗೆ ಕೊಡಬೇಡಿ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಅಂತೋನಿಯೊ ಮೊಸ್ಕೇನಿ ಬಿಡಿಸಿದ ಚಿತ್ರಗಳು ಇಂದಿಗೂ ಉಳಿದಿರುವುದು ಪರಿಣತರ ಕೈ ಸೋಕಿದ್ದರಿಂದ.

6. ಹಂಚು ಇಳಿಸಿದ ಮೇಲೆ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ. ಕಣಕಣ ಎಂದರೆ ಇನ್ನೂ ಬಾಳುತ್ತದೆ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಸೀಮೆಯ ಮಾಡುಗಳ ರೂಪವೇ ಬದಲಾಯಿತು; ಹಳೆ ಮುದ್ರೆಯ ಹಂಚನ್ನು ಗುಜರಿಗೆ ಹಾಕಬೇಡಿ.

7. ಖರ್ಚುವೆಚ್ಚ ಪ್ರತಿ ತಿಂಗಳು ನೋಟಿಸ್ ಬೋರ್ಡಿಗೆ ಬರಲಿ.

8. ಮಾಡಿನ ಕೆಲಸ ಕ್ರಿಸ್ಮಸ್ ಕಳೆದ ಕೂಡಲೇ ಶುರುವಾಗಿ ಮೇ ತಿಂಗಳ ಮೊದಲೇ ಮುಗಿಯಬೇಕು. ಸುಣ್ಣ ಒಣಗುವುದು ನಿಧಾನ. ಅದಕ್ಕೆ ಅವಸರ ಮಾಡಿದರೆ ನಡೆಯದು. ಉದ್ಘಾಟನೆಯ ಆಮಂತ್ರಣ ಅಚ್ಚಿಗೆ ಕೊಡುವ ಮೊದಲು ದಯವಿಟ್ಟು ಮೇಸ್ತ್ರಿಯನ್ನು ಒಂದು ಮಾತು ಕೇಳಿ.