ಸರಕು ಬಂಡಿಯ ಪ್ರತಿಕೃತಿ: 87ರಲ್ಲಿ ಒಂದು ಪಾಲು

ಕೀಲಿ ಕೊಟ್ಟರೆ ಗಾರೆಯ ನೆಲದ ಮೇಲೆ ಗಿರಗಿರನೆ ಓಡುವ ತಗಡಿನ ರೈಲುಬಂಡಿಯನ್ನು ಬಾಲ್ಯದಲ್ಲಿ ನೋಡದವರು ವಿರಳ. ಅದಕ್ಕೆ ಎಂಜಿನ್ ಉಂಟು, ಚಕ್ರಗಳುಂಟು, ಹಿಂದೆ ಕೆಂಪು ಬಣ್ಣದ ನಾಲ್ಕಾರು ಡಬ್ಬಿಗಳೂ ಉಂಟು. ಆದರೆ ಆ ಡಬ್ಬಿ ಯಾವ ರೈಲ್ವೆಗೆ ಸೇರಿದ ಯಾವ ಬಂಡಿ ಎಂದು ಯಾರೂ ಕೇಳುವುದಿಲ್ಲ, ಕೇಳಿದರೂ ಉತ್ತರವಿಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆಯನ್ನೇ ಕೈಯಲ್ಲಿ ಹಿಡಿದು ಹೊರಟ ಹವ್ಯಾಸಿಗಳ ದೊಡ್ಡ ಬಳಗವೊಂದಿದೆ. ಅವರು ಹಳೆಯ ಸರಕು ಬಂಡಿಗಳ ಪ್ರಮಾಣಬದ್ಧ ಪ್ರತಿಕೃತಿಗಳನ್ನು ಮಾಡುತ್ತಾರೆ. ಅಂಗೈಯಗಲದ ಆ ವಸ್ತುವನ್ನು ಮುಂದಿಟ್ಟುಕೊಂಡು ಅವರು ಕೇಳುವ ಪ್ರಶ್ನೆ ‘ಇದು ಚೆನ್ನಾಗಿದೆಯೆ?’ ಎಂಬುದಲ್ಲ, ‘ಇದು ಯಾವ ವರ್ಷದ ಬಂಡಿ?’ ಎಂಬುದು. ಆ ಪ್ರಶ್ನೆಗೆ ಉತ್ತರ ಕೊಡುವುದು ಎಷ್ಟು ಕಷ್ಟವೆಂಬುದನ್ನು ಒಂದೇ ಒಂದು ಬಂಡಿಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ವಿಚಾರಿಸೋಣ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ರೈಲ್ವೆಗಳು ನೂರಾರು ಖಾಸಗಿ ಕಂಪೆನಿಗಳ ಕೈಯಲ್ಲಿದ್ದುವು. ಯುದ್ಧಸಾಮಗ್ರಿಯ ಸಾಗಣೆಯ ಒತ್ತಡಕ್ಕೆ ಅವು ತತ್ತರಿಸಿದಾಗ, 1917ರ ಡಿಸೆಂಬರಿನಲ್ಲಿ ಅಧ್ಯಕ್ಷ ವಿಲ್ಸನ್ ಅವುಗಳ ಆಡಳಿತವನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡರು. ಹೀಗೆ ಹುಟ್ಟಿದ ರೈಲ್‌ರೋಡ್ ಅಡ್ಮಿನಿಸ್ಟ್ರೇಷನ್ ಎಂಬ ಇಲಾಖೆಯು 1920ರ ಮಾರ್ಚಿಯವರೆಗೆ ಕಾರ್ಯ ನಡೆಸಿತು. ಅದು ಕೆಲವೇ ಬಗೆಯ ನಕ್ಷೆಗಳನ್ನು ಗೊತ್ತುಮಾಡಿ, ಆ ನಕ್ಷೆಗಳಂತೆ ಸುಮಾರು 1 ಲಕ್ಷ ಸರಕು ಬಂಡಿಗಳನ್ನು ಕಟ್ಟಿಸಿ ಕಂಪೆನಿಗಳಿಗೆ ಹಂಚಿತು. ಅವುಗಳಲ್ಲೊಂದು 50 ಟನ್ ಹೊರುವ ಮುಚ್ಚು ಬಂಡಿ. ಅಮೆರಿಕನ್ನರು ಇದನ್ನು ಬಾಕ್ಸ್‌ಕಾರ್ ಎನ್ನುತ್ತಾರೆ. ಒಳಗಿನ ಉದ್ದ 40 ಅಡಿ 6 ಅಂಗುಲ, ಅಗಲ 8 ಅಡಿ 6 ಅಂಗುಲ, ಎತ್ತರ 9 ಅಡಿ. ಇದರ ಪಕ್ಕದ ಗೋಡೆಗೆ ಹಲಗೆಯ ಹೊದಿಕೆ ಒಂದೇ ಪದರ. ಅದೂ ಉಕ್ಕಿನ ಚೌಕಟ್ಟಿನ ಒಳಮೈಗೆ. ಆದ್ದರಿಂದ ಕಂಬಗಳೂ ಓರೆಪಟ್ಟಿಗಳೂ ಹೊರಗೆ ಎದ್ದುಕಾಣುತ್ತವೆ. ಬಂಡಿಯ ಪಕ್ಕವನ್ನು ನೋಡಿದರೆ ಸಣ್ಣದೊಂದು ಸೇತುವೆಯನ್ನು ನೋಡಿದಂತಾಗುತ್ತದೆ. ನಿಜವಾಗಿಯೂ ಅದು ಸೇತುವೆಯೇ. ಎರಡು ತುದಿಗಳಲ್ಲಿ ಚಕ್ರಗಳ ಮೇಲೆ ನಿಂತು ನಡುವಿನ ಭಾರವನ್ನು ಹೊರುವುದು ಆ ಚೌಕಟ್ಟಿನ ಕೆಲಸ.

ಇದನ್ನು ಕುಗ್ಗಿಸುವ ಲೆಕ್ಕ ಸುಲಭ. ಹವ್ಯಾಸಿಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಎಚ್‌ಓ ಎಂಬ ಪ್ರಮಾಣ. ಅದರಲ್ಲಿ ನಿಜವಾದ 1 ಅಡಿಗೆ ಪ್ರತಿಕೃತಿಯಲ್ಲಿ 3.5 ಮಿಲಿಮೀಟರು, ಎಂದರೆ 87.1ರಲ್ಲಿ ಒಂದು ಪಾಲು. ನಮ್ಮ ಬಂಡಿಯ ಒಳ ಉದ್ದ 141.75 ಮಿ.ಮೀ., ಅಗಲ 29.75 ಮಿ.ಮೀ., ಎತ್ತರ 31.5 ಮಿ.ಮೀ. ಆಗುತ್ತದೆ. 33 ಅಂಗುಲ ವ್ಯಾಸದ ಚಕ್ರ ಹೆಚ್ಚು ಕಡಮೆ 9.6 ಮಿ.ಮೀ. ಆಗುತ್ತದೆ. ಅಮೆರಿಕದ ಹಳಿಗಳ ನಡುವಣ ಅಂತರ 4 ಅಡಿ 8½ ಅಂಗುಲ, ಅದು 16.5 ಮಿ.ಮೀ. ಆಗುತ್ತದೆ. (ನಮ್ಮ ದೇಶದ ಬ್ರಾಡ್‌ಗೇಜ್ ಬಂಡಿಯನ್ನು ಇದೇ ಪ್ರಮಾಣದಲ್ಲಿ ಮಾಡಹೊರಟವರಿಗೆ 19.25 ಮಿ.ಮೀ. ಹಳಿ ಬೇಕು. ಅಂಗಡಿಯಲ್ಲಿ ಸಿಗುವ 16.5ರ ಹಳಿಯ ಮೇಲೆ ಅದನ್ನು ನಿಲ್ಲಿಸಿದರೆ ದೊಡ್ಡವನು ಮಗುವಿನ ಜೋಡು ಮೆಟ್ಟಿದಂತೆ ಕಾಣುತ್ತದೆ.)

ಲೆಕ್ಕ ಇಲ್ಲಿಗೆ ಮುಗಿಯುವಂತಿದ್ದರೆ ಈ ಲೇಖನದ ಅಗತ್ಯವೇ ಇರಲಿಲ್ಲ. ಅಳತೆಗಳನ್ನು ನಾವು ಕುಗ್ಗಿಸಬಹುದು. ಪ್ರಕೃತಿಯ ನಿಯಮಗಳು ಅವುಗಳೊಡನೆ ಕುಗ್ಗುವುದಿಲ್ಲ. ತೂಕವನ್ನೇ ನೋಡಿರಿ. ಉದ್ದ 87 ಪಟ್ಟು ಕುಗ್ಗಿದರೆ ಗಾತ್ರವು 87ರ ಘನದಷ್ಟು, ಎಂದರೆ ಸುಮಾರು 6 ಲಕ್ಷ 60 ಸಾವಿರ ಪಟ್ಟು ಕುಗ್ಗುತ್ತದೆ. ನಿಜವಾದ ಖಾಲಿ ಬಂಡಿಯ ತೂಕ 46,000 ಪೌಂಡು ಎಂದಿಟ್ಟುಕೊಳ್ಳೋಣ. ಆ ಲೆಕ್ಕದಂತೆ ಪ್ರತಿಕೃತಿಯ ತೂಕ ಸುಮಾರು 32 ಗ್ರಾಂ ಆಗಬೇಕು. ಅಂಥ ಹಗುರವಾದ ಬಂಡಿ ಹಳಿಯ ಮೇಲೆ ನಿಲ್ಲಲಾರದು. ಹಳಿಯ ಜೋಡಣೆಯಲ್ಲಿ ಕೂದಲೆಳೆಯಷ್ಟು ಏರುಪೇರಿದ್ದರೂ ಚಕ್ರ ಮೇಲಕ್ಕೇಳುತ್ತದೆ. ಅಲ್ಲದೆ, ಮನೆಯ ಮೇಜಿನ ಮೇಲೆ ನಾವು ಹಾಕುವ ತಿರುವುಗಳು ಬಹಳ ಬಿಗಿ. ಎರಡು ಅಡಿ ತ್ರಿಜ್ಯದ ತಿರುವು ನಿಜ ಪ್ರಪಂಚದಲ್ಲಿ 53 ಮೀಟರಿಗೆ ಸಮ. ಮುಖ್ಯಮಾರ್ಗದ ತಿರುವುಗಳೋ ನೂರಾರು ಮೀಟರಿನವು. ಮುಂದಿನಿಂದ ಎಂಜಿನ್ ಎಳೆದಾಗ ನಡುವಿನ ಹಗುರ ಬಂಡಿ ಒಳಮಗ್ಗುಲಿಗೆ ಉರುಳುತ್ತದೆ. 1935ರಲ್ಲಿ ಮಿಲ್ವಾಕಿ ನಗರದಲ್ಲಿ ಸ್ಥಾಪಿತವಾದ ಅಮೆರಿಕದ ಮಾದರಿ ರೈಲ್ವೆ ಹವ್ಯಾಸಿಗಳ ರಾಷ್ಟ್ರೀಯ ಸಂಘವು ಇದಕ್ಕೊಂದು ಸೂತ್ರ ಕೊಟ್ಟಿದೆ: ಮೊದಲು 1 ಔನ್ಸ್, ಬಳಿಕ ಬಂಡಿಯ ಉದ್ದದ ಪ್ರತಿ ಅಂಗುಲಕ್ಕೆ ಅರ್ಧ ಔನ್ಸ್. ನಮ್ಮ ಬಂಡಿಗೆ ಇದು ಸುಮಾರು 110 ಗ್ರಾಂ ಆಗುತ್ತದೆ. ಖಾಲಿ ಬಂಡಿಯ ತೂಕದ ಮೂರು ಪಟ್ಟಿಗೂ ಮಿಗಿಲು. ವಿನೋದವೆಂದರೆ, ಸರಕನ್ನು ಪೂರ್ತಿ ತುಂಬಿದ ನಿಜವಾದ ಬಂಡಿಯ ತೂಕವನ್ನು ಘನದ ಲೆಕ್ಕದಲ್ಲಿ ಕುಗ್ಗಿಸಿದರೆ 116 ಗ್ರಾಂ ಬರುತ್ತದೆ. ನಮ್ಮ ಪುಟ್ಟ ಬಂಡಿಗಳೆಲ್ಲ ಖಾಲಿಯಾಗಿ ಕಂಡರೂ ತುಂಬಿದ ಬಂಡಿಗಳಂತೆಯೇ ಓಡುತ್ತವೆಂದಾಯಿತು.

ಚಕ್ರದ ವಿಷಯವೂ ಹೀಗೆಯೇ. ನಿಜವಾದ ಚಕ್ರದ ಅಗಲ 5¾ ಅಂಗುಲಕ್ಕೆ ತುಸು ಕಡಮೆ. ಪ್ರತಿಕೃತಿಯಲ್ಲಿ ಅದು 1.7 ಮಿ.ಮೀ. ಆಗಬೇಕು. ಆದರೆ ಮಾರಾಟದಲ್ಲಿರುವ ಸಾಮಾನ್ಯ ಚಕ್ರದ ಅಗಲ 2.8 ಮಿ.ಮೀ.; ಎದುರಿನಿಂದ ನೋಡಿದರೆ ಬಂಡಿಗೆ ಆನೆಕಾಲು ರೋಗ ಬಂದಂತೆ ತೋರುತ್ತದೆ. 2.2 ಮಿ.ಮೀ. ಅಗಲದ ಚಕ್ರಗಳೂ ದೊರೆಯುತ್ತವೆ. ಅವು ಪೂರ್ತಿ ನಿಜವಲ್ಲ, ಆದರೆ ಹಳಿ ತಪ್ಪದೆ ಓಡುತ್ತವೆ. ನಮ್ಮ ಅಭಿಪ್ರಾಯದಲ್ಲಿ ಇಂಥ ರಾಜಿಯಲ್ಲಿ ತಪ್ಪಿಲ್ಲ. ರಾಜಿ ಮಾಡಿಕೊಂಡೆವೆಂಬುದು ನಮಗೆ ಗೊತ್ತಿರಬೇಕು, ಅಷ್ಟೆ.

ಇನ್ನು ಸಾಕ್ಷ್ಯದ ಮಾತು. ಈ ಬಂಡಿಗಳಲ್ಲಿ ಬಹುಪಾಲು ಎಂದೋ ಗುಜರಿಗೆ ಹೋದುವು. ಉಳಿದಿರುವುದು ಕಾಗದ: ಕಾರ್ಖಾನೆಯ ನಕ್ಷೆಗಳು, ಬಂಡಿ ಕಟ್ಟುವವರಿಗಾಗಿ ಅಚ್ಚಾದ ದೊಡ್ಡ ಕೈಪಿಡಿಗಳು, ಯಾವ ರೈಲ್ವೆಯಲ್ಲಿ ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಎಂಥ ಬಂಡಿಗಳಿವೆಯೆಂದು ತಿಳಿಸುವ ರಿಜಿಸ್ಟರುಗಳು, ಎಲ್ಲಕ್ಕಿಂತ ಮುಖ್ಯವಾಗಿ ಛಾಯಾಚಿತ್ರಗಳು. ನಕ್ಷೆಯು ಬಂಡಿ ಹೇಗಿರಬೇಕಾಗಿತ್ತೆಂದು ಹೇಳುತ್ತದೆ. ಛಾಯಾಚಿತ್ರವು ಒಂದು ದಿನ ಒಂದು ಕಡೆ ಅದು ಹೇಗಿತ್ತೆಂದು ಹೇಳುತ್ತದೆ. ಇವೆರಡೂ ಹೊಂದದಿದ್ದಾಗ ಛಾಯಾಚಿತ್ರವನ್ನೇ ನಂಬಬೇಕು.

ಆದರೆ ಛಾಯಾಚಿತ್ರವೂ ಮೋಸಮಾಡುತ್ತದೆ. ಚಿತ್ರದಿಂದ ಅಳತೆ ತೆಗೆಯಲು ಹೊಸಬರು ಚಕ್ರವನ್ನು ಅಳತೆಗೋಲಾಗಿ ಹಿಡಿಯುವುದುಂಟು. ಅದರ ವ್ಯಾಸ 33 ಅಂಗುಲವೆಂದು ಗೊತ್ತಿದೆಯಲ್ಲ! ಚಕ್ರವಿರುವುದು ಬಂಡಿಯ ಪಕ್ಕದ ಗೋಡೆಗಿಂತ ಸುಮಾರು 2 ಅಡಿ ಒಳಗೆ ಎಂಬುದನ್ನು ಅವರು ಮರೆಯುತ್ತಾರೆ. ಕ್ಯಾಮರಾ ಗೋಡೆಯಿಂದ 30 ಅಡಿ ದೂರದಲ್ಲಿದ್ದರೆ ಚಕ್ರದಿಂದ 32 ಅಡಿ ದೂರದಲ್ಲಿರುತ್ತದೆ. ದೂರದ ವಸ್ತು ಚಿಕ್ಕದಾಗಿ ಕಾಣುವುದರಿಂದ, ಆ ಚಕ್ರದಿಂದ ಅಳೆದಾಗ 40 ಅಡಿಯ ಗೋಡೆ 42 ಅಡಿ 8 ಅಂಗುಲವಾಗಿಬಿಡುತ್ತದೆ. ಪ್ರತಿಕೃತಿಯಲ್ಲಿ ಇದು 9 ಮಿಲಿಮೀಟರಿಗೂ ಮೀರಿದ ತಪ್ಪು. ಗೋಡೆಯ ಮೇಲಿನ ಅಳತೆಗೆ ಗೋಡೆಯ ಮೇಲೆಯೇ ಇರುವ ವಸ್ತುವನ್ನು ಹಿಡಿಯಬೇಕು. ನಕ್ಷೆಯಿಂದ ತಿಳಿದ ಬಾಗಿಲಿನ ಅಗಲ ಇದಕ್ಕೆ ಒಳ್ಳೆಯದು.

ಚೌಕಟ್ಟಿನ ಓರೆಪಟ್ಟಿಗಳಲ್ಲಿ ಇನ್ನೊಂದು ಎಚ್ಚರ ಬೇಕು. ಪಟ್ಟಿಯು ಬಂಡಿಯ ನಡುವಿನ ಕಡೆಗೆ ಇಳಿಯುವುದೋ ಏರುವುದೋ ಎಂಬುದರ ಮೇಲೆ ಅದು ಎಳೆತಕ್ಕೆ ಸಿಕ್ಕುವುದೋ ಒತ್ತಡಕ್ಕೆ ಸಿಕ್ಕುವುದೋ ಎಂಬುದು ನಿರ್ಧಾರವಾಗುತ್ತದೆ. ಎರಡು ಬಗೆಯ ಬಂಡಿಗಳೂ ಅಮೆರಿಕದಲ್ಲಿದ್ದುವು. ಪಟ್ಟಿಯನ್ನು ತಿರುವುಮುರುವಾಗಿ ಅಂಟಿಸಿದರೆ ನಾವು ಮಾಡಿದ್ದು ಬೇರೆಯೇ ಬಂಡಿ.

ವರ್ಷವನ್ನು ಖಚಿತವಾಗಿ ಹೇಳುವ ಭಾಗ ಯಾರೂ ಬಗ್ಗಿ ನೋಡದ ಜಾಗದಲ್ಲಿದೆ: ಬಂಡಿಯ ಹೊಟ್ಟೆಯ ಕೆಳಗೆ. ಅಲ್ಲಿರುವ ಗಾಳಿಬ್ರೇಕಿನ ಯಂತ್ರಗಳಿಗೆ ದೊಡ್ಡ ಚರಿತ್ರೆಯೇ ಇದೆ. ಒಂದು ಕಾಲದಲ್ಲಿ ಅಮೆರಿಕದ ಸರಕು ಬಂಡಿಗಳನ್ನು ಜೋಡಿಸಲು ಕೆಲಸಗಾರನು ಎರಡು ಬಂಡಿಗಳ ನಡುವೆ ನಿಂತು, ಅವು ಒಂದಕ್ಕೊಂದು ಬಂದು ತಾಕುವ ಕ್ಷಣದಲ್ಲಿ ಕೊಂಡಿಗೆ ಸೂಜಿ ಹಾಕಬೇಕಾಗಿತ್ತು. ಬೆರಳು ಕಳೆದುಕೊಂಡವರೂ ಪ್ರಾಣ ಕಳೆದುಕೊಂಡವರೂ ಬಹಳ. ಬಂಡಿಗಳು ತಾಕಿದೊಡನೆ ತಾನೇ ಕಚ್ಚಿಕೊಳ್ಳುವ ಕೊಂಡಿಗೆ ಈಲೈ ಜಾನಿ 1873ರಲ್ಲಿ ಪೇಟೆಂಟು ಪಡೆದಿದ್ದರೂ ಅದನ್ನೂ ಗಾಳಿಬ್ರೇಕನ್ನೂ ಕಡ್ಡಾಯಮಾಡುವ ಕಾನೂನು ಬಂದುದು 1893ರಲ್ಲಿ. ಏಣಿ, ಹಿಡಿಕಂಬಿ, ಕಾಲಿಡುವ ಮೆಟ್ಟಿಲು, ಛಾವಣಿಯ ಮೇಲಿನ ನಡೆಹಲಗೆ ಇವು ಎಲ್ಲಿರಬೇಕು, ಎಷ್ಟಿರಬೇಕು ಎಂಬುದನ್ನು 1911ರ ಸರ್ಕಾರಿ ಆಜ್ಞೆ ಗೊತ್ತುಮಾಡಿತು. ಪ್ರತಿಕೃತಿಯ ಹಿಡಿಕಂಬಿಗಳನ್ನು ಮನಬಂದ ಕಡೆ ಚುಚ್ಚಬಾರದೆನ್ನುವುದು ಇದಕ್ಕಾಗಿಯೇ. ಒಂದೊಂದು ಕಂಬಿಯೂ ಚಲಿಸುವ ಬಂಡಿಯಲ್ಲಿ ಒಬ್ಬ ಮನುಷ್ಯನ ಕೈ ತಡಕಾಡಿ ಹಿಡಿಯಬೇಕಾಗಿದ್ದ ಜಾಗ. ಕತ್ತಲಲ್ಲಿ, ಮಳೆಯಲ್ಲಿ, ಹಿಮದಲ್ಲಿ ಅದು ಅಲ್ಲಿಯೇ ಇರಬೇಕಾಗಿತ್ತು. ನಿಜವಾದ ಕಂಬಿಯ ದಪ್ಪ 5/8 ಅಂಗುಲ, ಕುಗ್ಗಿಸಿದರೆ 0.18 ಮಿ.ಮೀ. ಅಂಥ ತಂತಿ ಮುಟ್ಟಿದರೆ ಬಾಗುವುದರಿಂದ ಹಲವರು 0.3 ಮಿ.ಮೀ. ತಂತಿಯನ್ನು ಬಳಸುತ್ತಾರೆ.

ನಮ್ಮ ಬಂಡಿ ಕಾರ್ಖಾನೆಯಿಂದ ಹೊರಟಾಗ ಅದಕ್ಕಿದ್ದುದು ಕೆ ಎಂಬ ಮಾದರಿಯ ಬ್ರೇಕು. ಗಾಳಿಯ ಸಿಲಿಂಡರು, ಗಾಳಿ ತುಂಬಿಡುವ ತೊಟ್ಟಿ, ಕವಾಟ ಮೂರೂ ಒಂದಕ್ಕೊಂದು ಅಂಟಿಕೊಂಡ ಒಂದೇ ಉದ್ದನೆಯ ಗುಂಡು ಅದು. 1933ರಿಂದ ಹೊಸ ಬಂಡಿಗಳಿಗೆ ಎಬಿ ಎಂಬ ಮಾದರಿ ಬಂದಿತು. ಇದರಲ್ಲಿ ಮೂರು ಅಂಗಗಳೂ ಬೇರೆಬೇರೆ ಕಡೆ ತೂಗುತ್ತವೆ. ಹಳೆಯ ಬಂಡಿಗಳಿಗೂ ಕ್ರಮೇಣ ಇದನ್ನು ಹಾಕಲಾಯಿತು. 1953ರ ಬಳಿಕ ಕೆ ಬ್ರೇಕಿನ ಬಂಡಿಯನ್ನು ಒಂದು ರೈಲ್ವೆಯು ಇನ್ನೊಂದಕ್ಕೆ ಕೊಡುವಂತಿರಲಿಲ್ಲ. ಆದ್ದರಿಂದ 1928ರ ಬಂಡಿಗೆ ಎಬಿ ಬ್ರೇಕು ತೂಗುಹಾಕಿದವನೂ, 1955ರಲ್ಲಿ ಊರೂರು ತಿರುಗುವ ಬಂಡಿಗೆ ಕೆ ಬ್ರೇಕು ಉಳಿಸಿದವನೂ ಸಮಾನ ಅಪರಾಧಿಗಳು. ಗೋಡೆಯೂ ಹೀಗೆಯೇ ಮೋಸಮಾಡಬಹುದು. ಹಲಗೆಗಳು ಸವೆದಾಗ ಇಂಥ ಅನೇಕ ಬಂಡಿಗಳಿಗೆ ಉಕ್ಕಿನ ತಗಡಿನ ಹೊಸ ಗೋಡೆಗಳನ್ನು ಹಾಕಲಾಯಿತು. ಅದೇ ಬಂಡಿಗೆ ಆಗ ಬೇರೆಯೇ ಮುಖ.

ಕೊನೆಗೆ ಬರುವುದು ಅಕ್ಷರಗಳು. ಬಂಡಿಯ ಪಕ್ಕದಲ್ಲಿ ರೈಲ್ವೆಯ ಹೆಸರು, ಬಂಡಿಯ ಸಂಖ್ಯೆಗಳ ಕೆಳಗೆ ಸಣ್ಣ ಬಿಳಿ ಅಕ್ಷರಗಳಲ್ಲಿ ಎರಡು ಅಂಕೆಗಳಿರುತ್ತವೆ: ಹೊರಬಹುದಾದ ಗರಿಷ್ಠ ಭಾರ, ಖಾಲಿ ಬಂಡಿಯ ತೂಕ. ಇವು ಅಲಂಕಾರವಲ್ಲ. ಸಾಗಣೆಯ ದರ ನಿಂತಿರುವುದು ಸರಕಿನ ತೂಕದ ಮೇಲೆ. ತುಂಬಿದ ಬಂಡಿಯನ್ನು ತೂಗಿ, ಅದರಿಂದ ಬರೆದಿರುವ ಖಾಲಿ ತೂಕವನ್ನು ಕಳೆದರೆ ಸರಕಿನ ತೂಕ. ಮರದ ಬಂಡಿಯೋ ಮಳೆಯಲ್ಲಿ ನೀರು ಕುಡಿಯುತ್ತದೆ, ಬಿಸಿಲಲ್ಲಿ ಒಣಗುತ್ತದೆ, ದುರಸ್ತಿಯಲ್ಲಿ ಹೊಸ ಹಲಗೆ ಪಡೆಯುತ್ತದೆ. ಅದಕ್ಕಾಗಿಯೇ ಬಂಡಿಯನ್ನು ನಿಯತಕಾಲಕ್ಕೆ ಮತ್ತೆ ತೂಗಿ, ಹೊಸ ಅಂಕೆಯನ್ನೂ ತೂಗಿದ ಸ್ಥಳದ ಸಂಕೇತವನ್ನೂ ತಿಂಗಳು ವರ್ಷಗಳನ್ನೂ ಬರೆಯುತ್ತಿದ್ದರು. ಹಳೆಯ ಬಣ್ಣದ ನಡುವೆ ಹೊಸ ಬಣ್ಣದ ಆ ಚೌಕ ಛಾಯಾಚಿತ್ರಗಳಲ್ಲಿ ಎದ್ದುಕಾಣುತ್ತದೆ.

ಈ ಎರಡು ಅಂಕೆಗಳಿಗೂ ಒಂದು ಸಂಬಂಧವುಂಟು. 50 ಟನ್ ಬಂಡಿಯ ನಾಲ್ಕು ಅಚ್ಚುಗಳು ಒಟ್ಟಾಗಿ ಹಳಿಯ ಮೇಲೆ ಹಾಕಬಹುದಾಗಿದ್ದ ಭಾರ 1,69,000 ಪೌಂಡು. ಆದ್ದರಿಂದ 1930ರ ದಶಕದ ಅಂಥ ಬಂಡಿಯ ಮೇಲೆ ಖಾಲಿ ತೂಕ 46,000 ಎಂದಿದ್ದರೆ, ಗರಿಷ್ಠ ಭಾರ 1,23,000 ಎಂದಿರಬೇಕು. ನಾವು ಮೊದಲು ಮಾಡಿದ ಬಂಡಿಯಲ್ಲಿ ಒಂದು ಛಾಯಾಚಿತ್ರದ ಖಾಲಿ ತೂಕವನ್ನೂ ಇನ್ನೊಂದು ಛಾಯಾಚಿತ್ರದ ಗರಿಷ್ಠ ಭಾರವನ್ನೂ ಸೇರಿಸಿ ಅಂಟಿಸಿದ್ದೆವು. ಭೂತಗನ್ನಡಿಯಿಲ್ಲದೆ ಓದಲಾಗದಷ್ಟು ಸಣ್ಣ ಅಕ್ಷರಗಳು, ಯಾರೂ ಗಮನಿಸಲಿಲ್ಲ. ಒಂದು ಸಂಜೆ ಸುಮ್ಮನೆ ಕೂಡಿ ನೋಡಿದಾಗ ಮೊತ್ತ 1,71,200 ಆಯಿತು. 2,200 ಪೌಂಡಿನ ಸುಳ್ಳನ್ನು ಕಪಾಟಿನಲ್ಲಿ ಇಟ್ಟುಕೊಳ್ಳುವುದು ನಮ್ಮಿಂದಾಗಲಿಲ್ಲ. ಬಣ್ಣ ಕೆರೆದು ಮತ್ತೆ ಬರೆದೆವು.

ಬಣ್ಣದ ವಿಚಾರದಲ್ಲಿ ಮಾತ್ರ ಸಾಕ್ಷ್ಯ ಬಹಳ ದುರ್ಬಲ. ಸಾಮಾನ್ಯವಾಗಿ ಈ ಬಂಡಿಗಳಿಗೆ ಬಳಿಯುತ್ತಿದ್ದುದು ಕಬ್ಬಿಣದ ಆಕ್ಸೈಡಿನಿಂದ ಮಾಡಿದ ಕೆಂಗಂದು ಬಣ್ಣ. ನಮ್ಮ ಕೆಮ್ಮಣ್ಣಿನ ನಂಟ. ಆದರೆ ಆ ಕಾಲದ ಅನೇಕ ಫಿಲ್ಮುಗಳು ಕೆಂಪು ಬೆಳಕನ್ನು ಗ್ರಹಿಸುತ್ತಿರಲಿಲ್ಲ. ಅವುಗಳಲ್ಲಿ ಕೆಂಪು ಬಂಡಿ ಕಪ್ಪಾಗಿಯೇ ಕಾಣುತ್ತದೆ. ಮೇಲಾಗಿ, ಒಂದು ಮೀಟರು ದೂರದಿಂದ ಪ್ರತಿಕೃತಿಯನ್ನು ನೋಡುವುದು 87 ಮೀಟರು ದೂರದಿಂದ ಬಂಡಿಯನ್ನು ನೋಡಿದಂತೆ. ನಡುವಣ ಗಾಳಿಯೂ ಧೂಳೂ ಬಣ್ಣವನ್ನು ತಿಳಿಗೊಳಿಸುತ್ತವೆ. ಡಬ್ಬಿಯ ಬಣ್ಣಕ್ಕೆ ಚೂರು ಬಿಳಿ ಬೆರೆಸಿದರೆ ಕಣ್ಣಿಗೆ ಹೆಚ್ಚು ನಿಜವೆನಿಸುತ್ತದೆ.

ಯಾವ ಪದಾರ್ಥದಿಂದ ಮಾಡಬೇಕೆಂಬುದು ಅನುಕೂಲದ ಮಾತು. ಮರ, ಹಿತ್ತಾಳೆ, ಪಾಲಿಸ್ಟೈರೀನ್ ಹಾಳೆ, ರಬ್ಬರ್ ಅಚ್ಚಿನಲ್ಲಿ ಎರಕಹೊಯ್ದ ರಾಳ ಎಲ್ಲವೂ ಬಳಕೆಯಲ್ಲಿವೆ. ಈಚೆಗೆ ಗಣಕಯಂತ್ರದ ನೆರವಿನಿಂದ ಪದರಪದರವಾಗಿ ಮುದ್ರಿಸುವವರೂ ಇದ್ದಾರೆ. ಹೊಸಬರು ಪಾಲಿಸ್ಟೈರೀನಿನಿಂದ ಪ್ರಾರಂಭಿಸುವುದು ಲೇಸು. ಅದು ಚೂರಿಗೆ ಸುಲಭವಾಗಿ ಬಗ್ಗುತ್ತದೆ, ಹವೆ ಬದಲಾದರೆ ಮರದಂತೆ ಹಿಗ್ಗುವುದಿಲ್ಲ. ಮೊದಲು ಒಂದು ಒಳ್ಳೆಯ ಛಾಯಾಚಿತ್ರವನ್ನು ಆರಿಸಿ, ಬಂಡಿಯನ್ನು ಮತ್ತೆ ತೂಗಿದ ದಿನಾಂಕವನ್ನು ಅದರಲ್ಲಿ ಓದಿ, ಆ ದಿನಾಂಕವನ್ನು ಕೆಲಸದ ಮೇಜಿನ ಎದುರಿಗೆ ದೊಡ್ಡದಾಗಿ ಬರೆದು ಅಂಟಿಸಿಕೊಳ್ಳಿ. ಚೂರಿ ಹಿಡಿಯುವುದು ಆಮೇಲೆ.